ಹೂಂಗುಟ್ಟುವಿಕೆಯಿಂದ ಹೆಬ್ಬೆಟ್ಟಿನವರೆಗೆ: ಮರುನುಡಿಯ ಒಂದು ಚರಿತ್ರೆ

ಮಾತಿಗೆ ಎರಡು ಅರ್ಧಗಳುಂಟು. ಆಡುವುದು ಒಂದು, ಆಡಿದ್ದನ್ನು ಕೇಳಿ, ತೂಗಿ, ಮರುನುಡಿಯುವುದು ಇನ್ನೊಂದು. 9ನೆಯ ಶತಮಾನದ ‘ಕವಿರಾಜಮಾರ್ಗ’ವು ಕನ್ನಡ ನಾಡಿನ ಜನರನ್ನು ಹೊಗಳುವಾಗ ಈ ಎರಡನ್ನೂ ಒಟ್ಟಿಗೆ ಹೇಳಿರುವುದು ಗಮನಾರ್ಹ. ಹದವರಿತು ನುಡಿಯಬಲ್ಲರೆಂಬುದಷ್ಟೇ ಅಲ್ಲ, ನುಡಿದುದನ್ನು ಅರಿತು ವಿಚಾರಿಸಲೂ ಬಲ್ಲರೆಂಬುದು ಅಲ್ಲಿಯ ಪ್ರಶಂಸೆ. ನಮ್ಮ ಸಾಹಿತ್ಯ ಚರಿತ್ರೆಗಳು ನುಡಿದವರ ಚರಿತ್ರೆಯನ್ನು ವಿಸ್ತಾರವಾಗಿ ಬರೆದಿವೆ. ಮರುನುಡಿದವರ ಚರಿತ್ರೆ ಮಾತ್ರ ಅಷ್ಟಾಗಿ ಬರೆಯಲ್ಪಟ್ಟಿಲ್ಲ. ಇಂದು ನಮ್ಮ ಸಂಘ ಸಂಸ್ಥೆಗಳ ವಾಟ್ಸಾಪ್ ಬಳಗಗಳಲ್ಲಿ ಒಂದು ಕವಿತೆಗೂ, ಒಂದು ಮದುವೆಯ ಕರೆಯೋಲೆಗೂ, ಒಂದು ಮರಣವಾರ್ತೆಗೂ ಉತ್ತರವಾಗಿ ಒಂದು ಹೆಬ್ಬೆರಳಿನ ಚಿತ್ರವೋ ಜೋಡಿಸಿದ ಕೈಗಳ ಚಿತ್ರವೋ ಬಂದು ಕುಳಿತುಕೊಳ್ಳುತ್ತದೆ. ಒಂದು ಬೆರಳೊತ್ತಿನಿಂದ ಮುಗಿಯುವ ಈ ಸಂಜ್ಞೆಯು ನಮ್ಮ ಸಂಭಾಷಣೆಯನ್ನು ಏನು ಮಾಡುತ್ತಿದೆ ಎಂಬುದನ್ನು, ಗಡಿನಾಡಿನ ಕನ್ನಡಿಗರಾದ ನಾವು, ಮರುನುಡಿಯ ಚರಿತ್ರೆಯ ಬೆಳಕಿನಲ್ಲಿ ನೋಡಬೇಕೆಂಬುದು ಈ ಲೇಖನದ ಉದ್ದೇಶ.

ನಮ್ಮ ಸೀಮೆಯ ಅತ್ಯಂತ ಹಳೆಯ ಲಿಖಿತ ಮಾತು ಕಲ್ಲಿನ ಮೇಲಿದೆ. ಮದ್ದಿಕೇರದಿಂದ ದೂರವೇನಲ್ಲದ, ಗುತ್ತಿ–ಪತ್ತಿಕೊಂಡ ಮಾರ್ಗದ ಎರ್ರಗುಡಿಯ ಬಂಡೆಗಳಲ್ಲಿ ಕ್ರಿ.ಪೂ. 3ನೆಯ ಶತಮಾನದ ಅಶೋಕ ಚಕ್ರವರ್ತಿಯ 14 ಬೃಹತ್ ಶಿಲಾಶಾಸನಗಳೂ ಕಿರುಶಾಸನಗಳೂ ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಕೊರೆಯಲ್ಪಟ್ಟಿವೆ. ರಾಜಾಜ್ಞೆಯನ್ನು ಅಧಿಕಾರಿಗಳು ಭೇರಿ ಬಾರಿಸಿ ಜನಪದಕ್ಕೆ ತಿಳಿಸಬೇಕೆಂದು ಕಿರುಶಾಸನ ವಿಧಿಸುತ್ತದೆ. ಇದು ಒಮ್ಮುಖವಾದ ಮಾತು. ಭೇರಿಗೆ ಉತ್ತರ ಹೇಳುವವರಿಲ್ಲ. ಆದರೆ ಅದೇ ಬಂಡೆಗಳ 12ನೆಯ ಶಾಸನದಲ್ಲಿ ಚಕ್ರವರ್ತಿಯು ನಾಲಗೆಯ ಸಂಯಮವನ್ನು ಬೋಧಿಸಿ, ಬೇರೆ ಬೇರೆ ಪಂಥಗಳವರು ಪರಸ್ಪರರ ಧರ್ಮವನ್ನು ಕೇಳಿಸಿಕೊಳ್ಳಬೇಕೆಂದು, ಸಾಮರಸ್ಯವೇ ಒಳಿತೆಂದು ಹೇಳಿದ್ದಾನೆ. ಪ್ರಜೆಗಳು ತನ್ನನ್ನು ಮೆಚ್ಚಿದರೇ ಎಂದು ಎಣಿಸುವುದು ಅಲ್ಲಿಯ ಕಾಳಜಿಯಲ್ಲ. ಅವರು ಒಬ್ಬರನ್ನೊಬ್ಬರು ಕೇಳಿದರೇ ಎಂಬುದು ಕಾಳಜಿ. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ನಮ್ಮ ನೆರೆಯ ಬಂಡೆಯ ಮೇಲೆ ಕುಳಿತ ಈ ಭೇದವು ಇಂದಿನ ವಿಚಾರಕ್ಕೂ ಕೀಲಿಕೈಯಾಗಬಲ್ಲದು.

ಕಲ್ಲಿನಿಂದ ಮನೆಯ ಜಗುಲಿಗೆ ಬರೋಣ. ಅಜ್ಜಿ ಕಥೆ ಹೇಳುವಾಗ ಮಕ್ಕಳು ಹೂಂಗುಟ್ಟಬೇಕೆಂಬುದು ಕನ್ನಡ ಮನೆಗಳ ಹಳೆಯ ಕಟ್ಟಳೆ. ತೆಲುಗಿನಲ್ಲಿ ಇದನ್ನೇ ‘ಊಁ ಕೊಟ್ಟಡಂ’ ಎನ್ನುತ್ತಾರೆ. ಎರಡು ಭಾಷೆಗಳೂ ಒಂದೇ ಅಂಗಳದಲ್ಲಿ ಬೆಳೆದಿರುವ ನಮ್ಮ ಸೀಮೆಯಲ್ಲಿ ಅಜ್ಜಿ ಯಾವ ಭಾಷೆಯಲ್ಲಿ ಕಥೆ ಹೇಳಿದರೂ ಈ ‘ಹೂಂ’ ಮಾತ್ರ ಒಂದೇ. ಹೂಂ ಎಂಬುದು ಉತ್ತರವಲ್ಲ, ಅಭಿಪ್ರಾಯವಲ್ಲ, ಹೊಗಳಿಕೆಯೂ ಅಲ್ಲ. ‘ಎಚ್ಚರವಾಗಿದ್ದೇನೆ, ಕೇಳುತ್ತಿದ್ದೇನೆ, ಮುಂದೆ ಹೇಳು’ ಎಂಬುದಷ್ಟೇ ಅದರ ಅರ್ಥ. ಹೂಂ ನಿಂತರೆ ಮಗು ಮಲಗಿತೆಂದು ಅಜ್ಜಿ ಕಥೆ ನಿಲ್ಲಿಸುತ್ತಿದ್ದಳು. ಅಂದರೆ ಮಾತನ್ನು ಮುಂದುವರಿಸುವುದೇ ಹೂಂಗುಟ್ಟುವಿಕೆಯ ಕೆಲಸ. ಇಂದಿನ ಬೆರಳೊತ್ತಿಗೆ ಚರಿತ್ರೆಯಲ್ಲಿ ಪೂರ್ವಜರನ್ನು ಹುಡುಕುವುದಾದರೆ ಮೊದಲು ಸಿಗುವುದು ಈ ಹೂಂಕಾರವೇ.

ಜಗುಲಿಯ ಹೂಂಕಾರವು ಸಾರ್ವಜನಿಕ ಕಲೆಗಳಲ್ಲಿ ಬೆಳೆದು ದೊಡ್ಡದಾಯಿತು. ಆಂಧ್ರದ ಬುರ್ರಕಥೆಯಲ್ಲಿ ಮುಖ್ಯ ಕಥೆಗಾರನ ಎರಡು ಬದಿಗಳಲ್ಲಿ ಇಬ್ಬರು ವಂತಗಾರರು ನಿಲ್ಲುತ್ತಾರೆ. ಅವರು ಸೊಲ್ಲಿಗೆ ಸೊಲ್ಲು ಸೇರಿಸುವುದಲ್ಲದೆ, ಒಬ್ಬನು ಹಾಸ್ಯದಿಂದ, ಇನ್ನೊಬ್ಬನು ಲೋಕದ ರಾಜಕೀಯವನ್ನು ಎಳೆತಂದು ಕಥೆಗಾರನನ್ನು ಪ್ರಶ್ನಿಸುತ್ತಾರೆ. ಉತ್ತರ ಕರ್ನಾಟಕದ ಹರದೇಸಿ–ನಾಗೇಸಿ ಮೇಳಗಳಲ್ಲಂತೂ ಒಂದು ಪಕ್ಷದವರು ಗಂಡಿನ ಹೆಚ್ಚಳವನ್ನೂ ಇನ್ನೊಂದು ಪಕ್ಷದವರು ಹೆಣ್ಣಿನ ಹೆಚ್ಚಳವನ್ನೂ ಹಾಡಿ, ಹಾಡಿಗೆ ಹಾಡಿನಿಂದಲೇ ಜವಾಬು ಕೊಡಬೇಕು. ಜವಾಬು ಕೊಡದವನು ಸೋತಂತೆಯೇ ಲೆಕ್ಕ. ನಮ್ಮ ಮದ್ದಿಕೇರಕ್ಕೆ ಹತ್ತಿರದ ಚಿಪ್ಪಗಿರಿಯಲ್ಲಿ ವಿಜಯದಾಸರು (1682–1755) ತಮ್ಮ ಕೊನೆಯ ದಿನಗಳನ್ನು ಕಳೆದರು. ಪ್ರತಿವರ್ಷ ಕಾರ್ತಿಕ ಶುದ್ಧ ದಶಮಿಯಂದು ಅವರ ಆರಾಧನೆ ನಡೆಯುತ್ತದೆ. ದಾಸರ ಪದಗಳ ಭಜನೆಯಲ್ಲಿ ಮುಂದಾಳು ಒಂದು ನುಡಿಯನ್ನು ಹಾಡಿದರೆ ಸುತ್ತಲಿನವರು ಅದನ್ನು ಎತ್ತಿಕೊಂಡು ಹಾಡಬೇಕು. ಎತ್ತಿಕೊಳ್ಳಬೇಕಾದರೆ ಮೊದಲು ಕೇಳಿಸಿಕೊಂಡಿರಬೇಕು. ಕೇಳದೆಯೇ ಭಾಗವಹಿಸುವ ಸೌಕರ್ಯ ಆ ಪದ್ಧತಿಯಲ್ಲಿ ಇಲ್ಲ.

ಮರುನುಡಿಯನ್ನೇ ಗ್ರಂಥವನ್ನಾಗಿ ಮಾಡಿದ ಕೀರ್ತಿಯೂ ಕನ್ನಡಕ್ಕುಂಟು. 12ನೆಯ ಶತಮಾನದ ಶರಣರ ವಚನಗಳನ್ನು ಸಂವಾದದ ರೂಪದಲ್ಲಿ ಹೆಣೆದು 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ‘ಶೂನ್ಯಸಂಪಾದನೆ’ಯನ್ನು ಸಂಕಲಿಸಿದನು; ಅನಂತರ ಬೇರೆಯವರೂ ಅದನ್ನು ಪರಿಷ್ಕರಿಸಿ ಬೆಳೆಸಿದರು. ಅಲ್ಲಿ ಅಲ್ಲಮಪ್ರಭುವು ಅಕ್ಕಮಹಾದೇವಿಯನ್ನು ಕಂಡೊಡನೆ ಮೆಚ್ಚಿ ತಲೆದೂಗಿ ಒಳಗೆ ಬಿಟ್ಟುಕೊಂಡಿದ್ದರೆ ಆ ಗ್ರಂಥವೇ ಹುಟ್ಟುತ್ತಿರಲಿಲ್ಲ. ಅವನು ಕೇಳಿದನು, ಆಕೆ ಉತ್ತರಿಸಿದಳು, ಆ ಉತ್ತರದಿಂದ ಮತ್ತೊಂದು ಪ್ರಶ್ನೆ ಹುಟ್ಟಿತು. ಮೆಚ್ಚುಗೆಯು ಕೊನೆಗೆ ಬಂದಿತೇ ಹೊರತು ಮೊದಲಿಗಲ್ಲ. ಹೀಗೆ ನಮ್ಮ ಪರಂಪರೆಯಲ್ಲಿ ಎರಡು ಬಗೆಯ ಮರುನುಡಿಗಳು ಸ್ಪಷ್ಟವಾಗಿ ಬೇರ್ಪಟ್ಟಿವೆ: ಮಾತನ್ನು ಸಾಗಿಸುವ ಹೂಂಕಾರ ಒಂದು, ಮಾತನ್ನು ಬೆಳೆಸುವ ಉತ್ತರ ಇನ್ನೊಂದು. ಹೂಂಕಾರವು ಉತ್ತರಕ್ಕೆ ದಾರಿ ಮಾಡಿಕೊಡುತ್ತಿತ್ತು. ಅದರ ಪೀಠವನ್ನು ಆಕ್ರಮಿಸುತ್ತಿರಲಿಲ್ಲ.

ಸಂಜ್ಞೆಯು ಪೀಠವನ್ನೇರಿದ ಮೊದಲ ನಿದರ್ಶನವನ್ನು ನಾವು ವೃತ್ತಿರಂಗಭೂಮಿಯಲ್ಲಿ ಕಾಣುತ್ತೇವೆ. ಕಂಪನಿ ನಾಟಕಗಳ ಕಾಲದಲ್ಲಿ ಪ್ರೇಕ್ಷಕರು ಹಾಡೊಂದನ್ನು ಮೆಚ್ಚಿದರೆ ‘ವನ್ಸ್ ಮೋರ್’ ಎಂದು ಕೂಗುತ್ತಿದ್ದರು. ನಟನು ಪಾತ್ರವನ್ನು ಬದಿಗಿಟ್ಟು ಮತ್ತೆ ಹಾಡಬೇಕಾಗುತ್ತಿತ್ತು. ಸತ್ತು ಬಿದ್ದ ಪಾತ್ರವೂ ಎದ್ದು ಹಾಡಿ ಮತ್ತೆ ಸತ್ತ ಕಥೆಗಳನ್ನು ಹಿಂದಿನ ಪೀಳಿಗೆಯವರೆಲ್ಲ ಕೇಳಿದ್ದಾರೆ. ಬಯಲಾಟಗಳಲ್ಲಿ ಕುಣಿತದ ನಡುವೆ ರೂಪಾಯಿ ಕೊಟ್ಟವರ ಹೆಸರನ್ನು ಕೂಗಿ ಹೇಳುವಾಗ ದ್ರೌಪದಿಯ ದುಃಖವೂ ಕಾಯಬೇಕಾಗುತ್ತದೆ. ಮೆಚ್ಚುಗೆಯು ಸುಲಭವೂ ಗಟ್ಟಿಯೂ ಆದಾಗ ಆಡುವವನು ಕಥೆಯ ಕಡೆ ನೋಡುವುದನ್ನು ಬಿಟ್ಟು ಮೆಚ್ಚುಗೆಯ ಕಡೆ ನೋಡತೊಡಗುತ್ತಾನೆ ಎಂಬ ಪಾಠ ಇಲ್ಲಿದೆ. ಆದರೂ ಒಂದು ರಕ್ಷಣೆ ಅಲ್ಲಿತ್ತು: ಕೂಗುವವನು ಎದುರಿಗೇ ಕುಳಿತಿದ್ದನು, ನಾಟಕವನ್ನು ನೋಡಿಯೇ ಕೂಗುತ್ತಿದ್ದನು.

ದೂರದವರ ನಡುವಿನ ಮರುನುಡಿಗೆ ದಾರಿಯಾದುದು ಅಂಚೆ. ಭಾರತದಲ್ಲಿ 1879ರ ಜುಲೈ 1ರಂದು ಕಾಲಾಣೆಯ ಪೋಸ್ಟ್ ಕಾರ್ಡು ಬಳಕೆಗೆ ಬಂದಿತು. ಬಡವರ ಮನೆಗೂ ಪತ್ರವ್ಯವಹಾರ ಬಂದುದು ಆ ಕಾರ್ಡಿನಿಂದಲೇ. ಅದರ ಜೊತೆಗೆ ಜವಾಬಿ ಕಾರ್ಡು ಎಂಬ ಜೋಡಿ ಕಾರ್ಡೂ ಇದ್ದಿತು. ಅದರ ಒಂದು ಭಾಗದಲ್ಲಿ ಕಳುಹಿಸುವವನ ಬರಹ. ಇನ್ನೊಂದು ಭಾಗವು ಖಾಲಿ. ಆ ಖಾಲಿ ಭಾಗದ ಅಂಚೆವೆಚ್ಚವನ್ನು ಮೊದಲೇ ತೆತ್ತಿರುತ್ತಿದ್ದುದರಿಂದ ಪಡೆದವನು ಹಣದ ನೆಪ ಹೇಳಿ ಉತ್ತರವನ್ನು ತಪ್ಪಿಸುವಂತಿರಲಿಲ್ಲ. ನಮ್ಮ ಅಭಿಪ್ರಾಯದಲ್ಲಿ ಸಂವಹನದ ಚರಿತ್ರೆಯಲ್ಲೇ ಇದೊಂದು ಸೌಜನ್ಯದ ಶಿಖರ: ನಿನ್ನ ಮಾತಿಗೆ ನಾನು ಜಾಗ ಬಿಟ್ಟಿದ್ದೇನೆ, ಅದರ ವೆಚ್ಚವನ್ನೂ ತೆತ್ತಿದ್ದೇನೆ, ಬರೆ ಎಂಬ ಆಮಂತ್ರಣ.

ಕಾರ್ಡಿನಲ್ಲಿಯೂ ಸಂಜ್ಞೆಗಳಿದ್ದವು. ಮಂಗಳ ವಾರ್ತೆಯಾದರೆ ನಾಲ್ಕು ಮೂಲೆಗಳಿಗೆ ಅರಿಶಿನ. ಸಾವಿನ ವಾರ್ತೆಯ ಕಾರ್ಡನ್ನು ಓದಿದೊಡನೆ ಹರಿದುಹಾಕುವುದು. ಅಂಚೆಯವನ ಕೈಯಲ್ಲಿರುವಾಗಲೇ ಅರಿಶಿನವನ್ನು ಕಂಡು ಮನೆಯವರ ಮುಖ ಅರಳುತ್ತಿತ್ತು. ‘ಉಭಯ ಕುಶಲೋಪರಿ’ ಎಂಬುದೂ ಒಂದು ಸಿದ್ಧ ಸೂತ್ರವೇ. ಬರೆಯುವವನು ಅದನ್ನು ಯೋಚಿಸದೆಯೇ ಬರೆಯುತ್ತಿದ್ದನು. ಆದರೆ ಅರಿಶಿನವು ಬರಹದ ಅಂಚಿಗಿತ್ತು, ಸೂತ್ರವು ಬರಹದ ಆರಂಭಕ್ಕಿತ್ತು. ಅವೆರಡರ ನಡುವೆ ಎಮ್ಮೆ ಕರು ಹಾಕಿದ್ದು, ಕಡಲೆಕಾಯಿಯ ಧಾರಣೆ ಇಳಿದದ್ದು, ಮಗಳ ಬಾಣಂತನದ ತೊಂದರೆ ಇವೆಲ್ಲವೂ ಮನೆಯ ಕನ್ನಡದಲ್ಲಿಯೇ ಬರಬೇಕಾಗಿತ್ತು.

ಇದಕ್ಕೆ ವಿರುದ್ಧವಾದ ಮಾದರಿಯೂ ಅದೇ ಇಲಾಖೆಯಿಂದ ಬಂದಿತು. ತಂತಿಯಲ್ಲಿ ಪದಕ್ಕಿಷ್ಟು ಎಂದು ಹಣ. ಆದುದರಿಂದ ಶುಭಾಶಯದ ತಂತಿಗಳಿಗಾಗಿ ಇಲಾಖೆಯು ಸಿದ್ಧವಾಕ್ಯಗಳ ಒಂದು ಪಟ್ಟಿಯನ್ನು ಮಾಡಿ, ಪ್ರತಿಯೊಂದಕ್ಕೂ ಒಂದು ಸಂಖ್ಯೆಯನ್ನು ಕೊಟ್ಟಿತು. ದೀಪಾವಳಿಗೊಂದು, ಈದ್ ಹಬ್ಬಕ್ಕೊಂದು, ಹೊಸ ವರ್ಷಕ್ಕೊಂದು, ವಿವಾಹಕ್ಕೊಂದು, ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೊಂದು, ಚುನಾವಣೆಯಲ್ಲಿ ಗೆದ್ದವರಿಗೊಂದು. ಕಳುಹಿಸುವವನು ಸಂಖ್ಯೆಯನ್ನು ಬರೆದರೆ ಸಾಕು. ತಂತಿಯ ಮೇಲೆ ಸಂಖ್ಯೆಯೇ ಓಡುತ್ತಿತ್ತು. ಆ ತುದಿಯ ಕಚೇರಿಯವರು ಅದನ್ನು ಪೂರ್ಣ ವಾಕ್ಯವಾಗಿ ಬರೆದು ಚಿತ್ರದ ಕಾಗದದಲ್ಲಿ ಮದುವೆಯ ಮನೆಗೆ ತಲುಪಿಸುತ್ತಿದ್ದರು. ಭಾವನೆಗೆ ಸಂಖ್ಯೆ ಕೊಟ್ಟು ಪಟ್ಟಿಯಿಂದ ಆರಿಸಿ ಕಳುಹಿಸುವ ಈ ವ್ಯವಸ್ಥೆಯೇ ಇಂದಿನ ಬೆರಳೊತ್ತಿನ ನೇರ ಪೂರ್ವಿಕ. 2013ರ ಜುಲೈ 14ರ ರಾತ್ರಿ ತಂತಿ ಸೇವೆಯು ನಿಂತಿತು. ನಿಂತುದು ತಂತಿಯಷ್ಟೇ, ಅದರ ಪಟ್ಟಿಯು ಅಷ್ಟರಲ್ಲಾಗಲೇ ಇನ್ನೊಂದು ಜನ್ಮವೆತ್ತಿತ್ತು.

ಆ ಜನ್ಮದ ಚಿಹ್ನೆಯು ಹೆಬ್ಬೆರಳಾದುದು ಶಿಕ್ಷಕ ವೃತ್ತಿಯಲ್ಲಿದ್ದವರಿಗೆ ವಿಶೇಷವಾಗಿ ಕಾಡುವ ವಿಷಯ. ನಮ್ಮ ದೇಶದಲ್ಲಿ ಹೆಬ್ಬೆಟ್ಟಿಗೆ ಬೇರೆಯದೇ ಒಂದು ಚರಿತ್ರೆಯಿದೆ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷಲ್ ಎಂಬ ಆಂಗ್ಲ ಅಧಿಕಾರಿಯು ಒಂದು ಕರಾರುಪತ್ರದ ಮೇಲೆ ಗುತ್ತಿಗೆದಾರನ ಅಂಗೈಯ ಅಚ್ಚನ್ನು ಒತ್ತಿಸಿಕೊಂಡನು. ಅಲ್ಲಿಂದ ಬೆಳೆದ ಪದ್ಧತಿಯು ನೋಂದಣಿ ಕಚೇರಿಗಳನ್ನೂ ಸಾಹುಕಾರರ ಸಾಲಪತ್ರಗಳನ್ನೂ ಹೊಕ್ಕಿತು. ಓದಲು ಬಾರದವನು ಏನು ಬರೆದಿದೆಯೆಂದು ತಿಳಿಯದೆಯೇ ಮಸಿಯಲ್ಲಿ ಹೆಬ್ಬೆರಳನ್ನು ಅದ್ದಿ ಒತ್ತುತ್ತಿದ್ದನು. ‘ಹೆಬ್ಬೆಟ್ಟು’ ಎಂಬುದು ಅನಕ್ಷರಸ್ಥನಿಗೆ ಅಡ್ಡಹೆಸರೇ ಆಯಿತು. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಸ್ಥಾಪನೆಯಾಗಿ, ಊರೂರುಗಳಲ್ಲಿ ರಾತ್ರಿ ಶಾಲೆಗಳು ನಡೆದಾಗ ಅವುಗಳ ಮೊದಲ ಗುರಿಯೇ ಹೆಬ್ಬೆಟ್ಟನ್ನು ಅಳಿಸಿ ರುಜುವನ್ನು ಬರೆಯಿಸುವುದಾಗಿತ್ತು.

ಆ ರಾತ್ರಿ ಶಾಲೆಗಳ ಫಲವು ರುಜುವಿಗೇ ಮುಗಿಯಲಿಲ್ಲ ಎಂಬುದಕ್ಕೆ ನಮ್ಮ ರಾಜ್ಯದ ನೆಲ್ಲೂರು ಜಿಲ್ಲೆಯ ದೂಬಗುಂಟ ಸಾಕ್ಷಿ. ಸಾಕ್ಷರತೆಯ ವಾಚಕದಲ್ಲಿದ್ದ, ಸಾರಾಯಿಯ ಅಂಗಡಿಯನ್ನು ಮುಚ್ಚಿಸಿದ ಹೆಂಗಸರ ಪಾಠವೊಂದನ್ನು ಓದಿದ ಗ್ರಾಮದ ಮಹಿಳೆಯರು ಅದನ್ನು ಮೆಚ್ಚಿ ಸುಮ್ಮನಾಗಲಿಲ್ಲ. ತಮ್ಮ ತಮ್ಮ ಮನೆಗಳ ಕಥೆಯನ್ನು ಹೇಳಿಕೊಂಡರು, ವಾದಿಸಿದರು, ಎದ್ದು ನಡೆದರು. 1992ರಲ್ಲಿ ಅಲ್ಲಿಂದ ಹಬ್ಬಿದ ಚಳವಳಿಯ ಫಲವಾಗಿ 1993ರ ಅಕ್ಟೋಬರ್ 1ರಿಂದ ಆಂಧ್ರಪ್ರದೇಶದಲ್ಲಿ ಸಾರಾಯಿ ನಿಷೇಧವಾಯಿತು. 1995ರ ಜನವರಿಯಲ್ಲಿ ಸಂಪೂರ್ಣ ಪಾನನಿಷೇಧವೂ ಬಂದಿತು. ಆ ನಿಷೇಧ ಮುಂದೆ ಉಳಿಯಲಿಲ್ಲವೆಂಬುದು ಬೇರೆ ಮಾತು. ಒಂದು ಪಾಠಕ್ಕೆ ಬಾಯಿಬಿಟ್ಟು ಆಡಿದ ಮರುನುಡಿಯು ಎಷ್ಟು ದೂರ ನಡೆಯಬಲ್ಲದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ನಮಗೆ ಬೇಕಿಲ್ಲ. ಅಂತಹ ಅಕ್ಷರಯಜ್ಞ ನಡೆದು ಮೂರು ದಶಕಗಳಲ್ಲಿ, ಪದವಿಗಳನ್ನು ಪಡೆದ ನಾವೆಲ್ಲರೂ ಮತ್ತೆ ಹೆಬ್ಬೆಟ್ಟಿಗೇ ಬಂದಿರುವುದು, ಅದೂ ಹಲವು ವೇಳೆ ಏನು ಬರೆದಿದೆಯೆಂದು ಓದದೆಯೇ ಒತ್ತುತ್ತಿರುವುದು, ವಿಚಿತ್ರವಲ್ಲವೆ?

ಹೊಸ ಹೆಬ್ಬೆಟ್ಟಿನ ವಂಶಾವಳಿ ಹೀಗಿದೆ. 2007ರಲ್ಲಿ ಫ್ರೆಂಡ್‌ಫೀಡ್ ಎಂಬ ಅಮೆರಿಕದ ಜಾಲತಾಣವು ‘ಲೈಕ್’ ಎಂಬ ಗುಂಡಿಯನ್ನು ತಂದಿತು. 2009ರ ಫೆಬ್ರವರಿ 9ರಂದು ಫೇಸ್‌ಬುಕ್ ತನ್ನ ‘ಲೈಕ್’ ಗುಂಡಿಯನ್ನು ಬಿಡುಗಡೆ ಮಾಡಿತು. ಸಾಲುಸಾಲಾಗಿ ಬರುವ ಒಂದೇ ಬಗೆಯ ಅಭಿನಂದನೆಗಳನ್ನು ಒಂದೆಡೆ ಕೂಡಿಸಿದರೆ ನಿಜವಾದ ಮಾತುಗಳಿಗೆ ಜಾಗ ಉಳಿಯುತ್ತದೆಂಬ ಸದುದ್ದೇಶವೂ ಅದರ ಹಿಂದೆ ಇದ್ದಿತು. 2016ರ ಫೆಬ್ರವರಿ 24ರಂದು ಪ್ರೀತಿ, ನಗೆ, ಬೆರಗು, ದುಃಖ, ಕೋಪ ಎಂಬ ಐದು ಹೊಸ ಸಂಜ್ಞೆಗಳು ಸೇರಿದವು. 2022ರ ಮೇ ತಿಂಗಳಲ್ಲಿ ವಾಟ್ಸಾಪ್ ಕೂಡ ಆರು ಸಂಜ್ಞೆಗಳೊಂದಿಗೆ ಈ ದಾರಿಗೆ ಬಂದಿತು. ಅವುಗಳಲ್ಲಿ ಜೋಡಿಸಿದ ಕೈಗಳೂ ಇದ್ದುದರಿಂದ ನಮ್ಮ ದೇಶದಲ್ಲಿ ಅದು ಬಹುಬೇಗ ಮನೆಮಾತಾಯಿತು. ಭರತಮುನಿಯು ಎಂಟು ಸ್ಥಾಯಿಭಾವಗಳನ್ನು ಎಣಿಸಿದನು. ಅವುಗಳನ್ನು ರಸವಾಗಿಸಲು ನಾಟ್ಯವೇ ಬೇಕಾಯಿತು. ಇಲ್ಲಿ ಮೊದಲಿಗೆ ಇದ್ದುದು ಆರೇ ಭಾವಗಳು. ಅವುಗಳಿಗೆ ಬೆರಳ ತುದಿಯೇ ಸಾಕಾಯಿತು.

ಇದರ ಪರಿಣಾಮವನ್ನು ಕುರಿತು ವಿದ್ವಾಂಸರು ಪರೀಕ್ಷೆಗಳನ್ನು ನಡೆಸಿದ್ದಾರೆ. ಮೊಯಿರಾ ಬರ್ಕ್ ಮತ್ತು ರಾಬರ್ಟ್ ಕ್ರೌಟ್ ಎಂಬವರು ಸುಮಾರು 1,900 ಮಂದಿ ಫೇಸ್‌ಬುಕ್ ಬಳಕೆದಾರರನ್ನು ಅಧ್ಯಯನ ಮಾಡಿ 2016ರಲ್ಲಿ ಪ್ರಕಟಿಸಿದ ಫಲಿತಾಂಶವು ಸರಳವಾಗಿದೆ. ಹತ್ತಿರದವರು ತಮಗೆಂದೇ ಬರೆದ ಮಾತುಗಳನ್ನು ಪಡೆದವರಲ್ಲಿ ಮನಸ್ಸಿನ ನೆಮ್ಮದಿಯ ಹೆಚ್ಚಳವು ಕಂಡುಬಂದಿತು. ಒಂದೇ ಒತ್ತಿನ ಸಂಜ್ಞೆಗಳಿಗೆ ಅಂತಹ ಸಂಬಂಧ ಕಾಣಲಿಲ್ಲ. ಇನ್ನೊಂದು ಪರೀಕ್ಷೆಯನ್ನು ಲೆವ್ ಮುಚ್ನಿಕ್, ಸಿನಾನ್ ಅರಾಲ್ ಮತ್ತು ಶಾನ್ ಟೇಲರ್ ಎಂಬವರು 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಓದುಗರು ಪರಸ್ಪರರ ಅಭಿಪ್ರಾಯಗಳಿಗೆ ಮತ ಹಾಕುವ ಒಂದು ಜಾಲತಾಣದಲ್ಲಿ, ಗುಣವನ್ನು ನೋಡದೆ, ಕೆಲವು ಬರಹಗಳಿಗೆ ಆರಂಭದಲ್ಲಿಯೇ ಒಂದು ಮೆಚ್ಚುಗೆಯ ಮತವನ್ನು ಹಾಕಿದರು. ಆ ಒಂದು ಮತವನ್ನು ನೋಡಿ ಮುಂದಿನವರೂ ಹಾಕಿದರು. ಕೊನೆಯ ಅಂಕವು ಸರಾಸರಿ ಶೇಕಡ 25ರಷ್ಟು ಏರಿತು. ಒಂದು ಕುರಿ ಹೊಕ್ಕ ಕಡೆ ಹಿಂಡೆಲ್ಲ ಹೊಕ್ಕಂತೆ ಎಂದು ನಮ್ಮ ಹಳ್ಳಿಗರು ಹೇಳುವುದನ್ನು ವಿಜ್ಞಾನವು ಲೆಕ್ಕಹಾಕಿ ತೋರಿಸಿತು.

ಮೂರನೆಯ ಪರಿಣಾಮವು ಇನ್ನೂ ಗಂಭೀರವಾದುದು. ಹೂಂಕಾರವನ್ನು ಅಜ್ಜಿ ಕೇಳುತ್ತಿದ್ದಳು. ಬೆರಳೊತ್ತನ್ನು ಯಂತ್ರವು ಎಣಿಸುತ್ತದೆ. ಯಾವ ಬರಹವನ್ನು ಯಾರಿಗೆ ಮೊದಲು ತೋರಿಸಬೇಕೆಂಬುದನ್ನು ಯಂತ್ರವು ಈ ಎಣಿಕೆಯಿಂದಲೂ ನಿರ್ಧರಿಸುತ್ತದೆ. 2017ರಿಂದ ಕೆಲವು ಕಾಲ ಫೇಸ್‌ಬುಕ್ ಸಂಸ್ಥೆಯು ಕೋಪವೂ ಸೇರಿದಂತೆ ಹೊಸ ಸಂಜ್ಞೆಗಳಿಗೆ ಸಾಮಾನ್ಯ ಮೆಚ್ಚುಗೆಯ ಐದು ಪಟ್ಟು ತೂಕವನ್ನು ಕೊಟ್ಟಿದ್ದಿತೆಂದು ಅದರ ಒಳಕಾಗದಗಳ ಆಧಾರದಿಂದ 2021ರಲ್ಲಿ ಅಮೆರಿಕದ ಪತ್ರಿಕೆಗಳು ವರದಿ ಮಾಡಿದವು. ಕೋಪಕ್ಕೆ ಕೊಟ್ಟ ತೂಕವನ್ನು ಅನಂತರ ಶೂನ್ಯಕ್ಕಿಳಿಸಲಾಯಿತು. ‘ವನ್ಸ್ ಮೋರ್’ ಎಂಬ ಕೂಗು ನಟನನ್ನಷ್ಟೇ ಬದಲಾಯಿಸಿತ್ತು. ಈ ಎಣಿಕೆಯು ಯಾವ ನಾಟಕ ನಡೆಯಬೇಕೆಂಬುದನ್ನೇ ಬದಲಾಯಿಸಬಲ್ಲದು.

ಚಿಕ್ಕದಾಗಿರುವುದೇ ಸಂಜ್ಞೆಯ ದೋಷವೆಂದು ಯಾರಾದರೂ ಹೇಳಿದರೆ ನಾವು ಒಪ್ಪುವುದಿಲ್ಲ. ಹೂವಿನಹಡಗಲಿ ತಾಲೂಕಿನ ಮೈಲಾರದ ಜಾತ್ರೆಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರಣಿಕವು ಒಂದೇ ವಾಕ್ಯ. ಸಾವಿರಾರು ಜನರು ಉಸಿರು ಬಿಗಿಹಿಡಿದು ಅದನ್ನು ಕೇಳುತ್ತಾರೆ. ಆಮೇಲೆ ವರ್ಷವಿಡೀ ಹೊಲದಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ ಅದರ ಅರ್ಥದ ಚರ್ಚೆ: ಮಳೆಯ ಮಾತೋ, ಬೆಲೆಯ ಮಾತೋ, ರಾಜ್ಯಭಾರದ ಮಾತೋ? ನಮ್ಮ ಸೀಮೆಯ ದೇವರಗಟ್ಟಿನ ಮಾಳಮಲ್ಲೇಶ್ವರನ ಬನ್ನಿ ಉತ್ಸವದಲ್ಲಿಯೂ ಭವಿಷ್ಯದ ನುಡಿಯನ್ನು ಕೇಳಲು ಜನರು ಕಾಯುತ್ತಾರೆ. ಕಾರಣಿಕದ ಅರ್ಥವೂ ಅಸ್ಪಷ್ಟ. ಹೆಬ್ಬೆರಳಿನ ಅರ್ಥವೂ ಅಸ್ಪಷ್ಟ. ಓದಿದೆನೆಂದೋ, ಒಪ್ಪಿದೆನೆಂದೋ, ಸಾಕು ಮಾಡೆಂದೋ ತಿಳಿಯದು. ಆದರೆ ಕಾರಣಿಕದ ಅಸ್ಪಷ್ಟತೆಯನ್ನು ಜನರು ಮಾತಾಡಿ ಬಿಡಿಸಲೆತ್ನಿಸುತ್ತಾರೆ. ಹೆಬ್ಬೆರಳಿಗೆ ‘ಏನು ನಿಮ್ಮ ಅಭಿಪ್ರಾಯ?’ ಎಂದು ಯಾರೂ ಕೇಳುವುದಿಲ್ಲ. ಮೊದಲನೆಯದು ಮಾತಿನ ಬಾಗಿಲು. ಎರಡನೆಯದು ಸೌಜನ್ಯದಿಂದ ಮುಚ್ಚಿದ ಬಾಗಿಲು.

ಈಗ ನಮ್ಮ ಮನೆಯ ವಿಷಯಕ್ಕೆ ಬರೋಣ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಕರ್ನೂಲನ್ನು ರಾಜಧಾನಿಯಾಗಿಸಿಕೊಂಡು ಉದಯಿಸಿದಾಗ, ಹಳೆಯ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರಕ್ಕೆ ಸೇರಿದವು. ಉಳಿದವು ಮೈಸೂರಿಗೆ ಸೇರಿದವು. ಪತ್ತಿಕೊಂಡ ಸೀಮೆಯ ನಮ್ಮ ಮದ್ದಿಕೇರವು ಅದಕ್ಕೂ ಮೊದಲಿನಿಂದಲೇ ಕರ್ನೂಲು ಜಿಲ್ಲೆಯದು. ಅಂದಿನಿಂದ ಇಲ್ಲಿಯ ಕನ್ನಡವು ಸರ್ಕಾರದ ಬೆಂಬಲಕ್ಕಿಂತ ಮನೆಯ ಮಾತಿನ ಬಲದಿಂದಲೇ ಉಳಿದಿದೆ. ಗಡಿಯ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ಇವೆಯಾದರೂ ಬಹುಪಾಲು ಮಕ್ಕಳು ತೆಲುಗು ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಾರೆ. ಮನೆಯಲ್ಲಿ ಕನ್ನಡವನ್ನಾಡುತ್ತಾರೆ, ಬರೆಯಲು ಅರಿಯರು. ಕಚೇರಿಯಲ್ಲಿ, ಬ್ಯಾಂಕಿನಲ್ಲಿ, ಅಂಗಡಿಯಲ್ಲಿ ಕನ್ನಡವನ್ನು ಬರೆಯುವ ಪ್ರಸಂಗವೇ ಇಲ್ಲ. ಪತ್ರ ಬರೆಯುವ ಕಾಲವೂ ಹೋಯಿತು. ಆದುದರಿಂದ ಗಡಿನಾಡಿನ ಎಷ್ಟೋ ಕನ್ನಡಿಗರಿಗೆ ದಿನದಲ್ಲಿ ನಾಲ್ಕಕ್ಷರ ಕನ್ನಡವನ್ನು ಬರೆಯಲು ಉಳಿದಿರುವ ಏಕೈಕ ಸ್ಥಳವೆಂದರೆ ಈ ಕೈಫೋನಿನ ಬಳಗವೇ. ಬೆಂಗಳೂರಿನವನು ಹೆಬ್ಬೆಟ್ಟನ್ನೊತ್ತಿ ಒಂದು ವಾಕ್ಯವನ್ನು ಉಳಿಸಿಕೊಂಡರೆ ಅವನಿಗೆ ಕನ್ನಡವನ್ನು ಬರೆಯಲು ಬೇರೆ ನೂರು ಸಂದರ್ಭಗಳಿವೆ. ನಾವು ಒತ್ತಿದರೆ ಆ ದಿನದ ನಮ್ಮ ಕನ್ನಡ ಬರಹವೇ ಇಲ್ಲವಾಗುತ್ತದೆ. ಹೆಬ್ಬೆರಳಿಗೆ ಲಿಪಿಯಿಲ್ಲ, ಭಾಷೆಯಿಲ್ಲ, ಸೀಮೆಯ ಸೊಗಡಿಲ್ಲ. ಅದು ಕನ್ನಡದಲ್ಲಿಯೂ ಅದೇ, ತೆಲುಗಿನಲ್ಲಿಯೂ ಅದೇ, ಜಪಾನಿನಲ್ಲಿಯೂ ಅದೇ.

ಭಾಷೆಯೊಡನೆ ಬಾಂಧವ್ಯವೂ ಇದರಲ್ಲಿ ಅಡಗಿದೆ. ಸಾವಾದ ಮನೆಗೆ ಹೋಗುವುದನ್ನು ಕನ್ನಡಿಗರು ‘ಮಾತಾಡಿಸಿಕೊಂಡು ಬರುವುದು’ ಎನ್ನುತ್ತಾರೆ. ನೋಡಿಕೊಂಡು ಬರುವುದಲ್ಲ, ನಮಸ್ಕರಿಸಿ ಬರುವುದಲ್ಲ, ಮಾತಾಡಿಸುವುದು. ದುಃಖದಲ್ಲಿ ಮೂಕರಾದವರ ಬಾಯಿಯನ್ನು ತೆರೆಯಿಸುವುದೇ ನೆಂಟರ ಕರ್ತವ್ಯವೆಂದು ಈ ಮಾತು ತಿಳಿದಿತ್ತು. ‘ಹೆಂಗಾತಪ್ಪಾ, ಕೊನೀಗೆ ಏನಂದ್ರು?’ ಎಂದು ಕೇಳಿದೊಡನೆ ಮನೆಯವರು ಅತ್ತು, ಹೇಳಿ, ಹಗುರವಾಗುತ್ತಿದ್ದರು. ಇಂದು ಬಳಗದಲ್ಲಿ ಮರಣವಾರ್ತೆ ಬಂದರೆ ಅರ್ಧ ಗಂಟೆಯಲ್ಲಿ ನೂರು ಜೊತೆ ಕೈಗಳು ಮುಗಿದುಕೊಳ್ಳುತ್ತವೆ. ಅವು ಸುಳ್ಳಲ್ಲ, ಮುಗಿದವರ ಮನಸ್ಸಿನಲ್ಲಿ ದುಃಖವಿದ್ದೀತು. ಆದರೆ ಅವುಗಳಲ್ಲಿ ಒಂದೂ ಮನೆಯವರನ್ನು ಮಾತಾಡಿಸಲಿಲ್ಲ. ಕರ್ತವ್ಯ ಮುಗಿಯಿತೆಂದುಕೊಂಡ ಮುಗಿದವರಲ್ಲಿ ಕೆಲವರು ಹನ್ನೊಂದನೆಯ ದಿನಕ್ಕೂ ಹೋಗದೆ ಉಳಿದಾರೆಂಬುದೇ ನಮ್ಮ ಭಯ.

ಇಷ್ಟು ಹೇಳಿದ ಮೇಲೆ ಸಂಜ್ಞೆಗೆ ಸಲ್ಲಬೇಕಾದ ನ್ಯಾಯವನ್ನೂ ಸಲ್ಲಿಸಬೇಕು. ಇನ್ನೂರು ಜನರ ಬಳಗದಲ್ಲಿ ಸಭೆಯು ಸಂಜೆ ಐದಕ್ಕೆ ಎಂಬ ಪ್ರಕಟಣೆಗೆ ಇನ್ನೂರು ವಾಕ್ಯಗಳು ಬೇಕಿಲ್ಲ; ಅಲ್ಲಿ ಹೆಬ್ಬೆರಳೇ ಉಚಿತ. ಕಣ್ಣು ಮಂಜಾದ ವೃದ್ಧರಿಗೆ, ಕನ್ನಡ ಲಿಪಿಯನ್ನರಿಯದ ನಮ್ಮ ಮೊಮ್ಮಕ್ಕಳಿಗೆ, ಹೆರಿಗೆಯ ಮನೆಯಲ್ಲಿ ಕೈ ಬಿಡುವಿಲ್ಲದ ತಾಯಿಗೆ ಅದೊಂದು ಊರುಗೋಲು. ಮಾತಾಡಲು ಅಂಜುವವನಿಗೂ ‘ನಾನಿದ್ದೇನೆ’ ಎನ್ನುವ ಅವಕಾಶವನ್ನು ಅದು ಕೊಟ್ಟಿದೆ. ಜಗಳಕ್ಕೆ ಬಾಯಿ ತೆರೆಯುವುದಕ್ಕಿಂತ ಕೈಮುಗಿದು ಸುಮ್ಮನಾಗುವುದೇ ಲೇಸಾದ ಸಂದರ್ಭಗಳೂ ಉಂಟು. ಅಶೋಕನು ಬೋಧಿಸಿದ ನಾಲಗೆಯ ಸಂಯಮಕ್ಕೆ ಅದೂ ಒಂದು ಸಾಧನ. ಅಂದರೆ ಸಂಜ್ಞೆಯು ಹೂಂಕಾರವಾಗಿ ಉಳಿದರೆ ಸ್ವಾಗತಾರ್ಹ, ಅದು ಉತ್ತರದ ಪೀಠದಲ್ಲಿ ಕುಳಿತರೆ ಹಾನಿ. ಅಜ್ಜಿಯ ಕಥೆಗೆ ಹೂಂಗುಟ್ಟಿದ ಮಗುವು ಕಥೆ ಮುಗಿದೊಡನೆ ‘ಆಮ್ಯಾಲೆ ಏನಾತು?’ ಎಂದು ಕೇಳುತ್ತಿತ್ತು. ಆ ಪ್ರಶ್ನೆಯು ಬಾರದಿದ್ದರೆ ಎಷ್ಟು ಹೂಂಗಳಿದ್ದರೂ ಅಜ್ಜಿಯು ಒಬ್ಬಂಟಿಯೇ.

ಆದುದರಿಂದ ನಮ್ಮ ಸಂಘಗಳ ಮುಂದೆ ಮೂರು ಸಲಹೆಗಳನ್ನಿಡಬಯಸುತ್ತೇವೆ. ಮೊದಲನೆಯದು, ಬಳಗದಲ್ಲಿ ಸದಸ್ಯರೊಬ್ಬರ ಸ್ವಂತ ಬರಹವು ಬಂದಾಗ ದಿನಕ್ಕೆ ಇಬ್ಬರಾದರೂ, ಸರದಿಯಂತೆ, ಒಂದು ಪೂರ್ಣ ಕನ್ನಡ ವಾಕ್ಯದಲ್ಲಿ ಉತ್ತರಿಸಲಿ: ಏನು ಹಿಡಿಸಿತು, ಏನು ಹಿಡಿಸಲಿಲ್ಲ, ಏನು ತಿಳಿಯಲಿಲ್ಲ. ಎರಡನೆಯದು, ಲಿಪಿಯನ್ನರಿಯದವರು ಧ್ವನಿಸಂದೇಶದಲ್ಲಿ ತಮ್ಮ ಮನೆಯ ಕನ್ನಡವನ್ನೇ ಆಡಿ ಕಳುಹಿಸಲಿ. ಆದೋನಿಯ ಕನ್ನಡಕ್ಕೂ ಕೋಸಿಗಿಯ ಕನ್ನಡಕ್ಕೂ ಇರುವ ಸೊಗಡು ಹಾಗಾದರೂ ಉಳಿಯಲಿ. ತೆಲುಗು ಅಕ್ಷರಗಳನ್ನು ಬಲ್ಲ ಮಗುವಿಗೆ ಕನ್ನಡದ ತಲೆಕಟ್ಟನ್ನು ಕಲಿಸಲು ಕೆಲವು ವಾರಗಳೇ ಸಾಕು. ಕಲಿತ ಅಕ್ಷರಕ್ಕೆ ಅಭ್ಯಾಸವನ್ನು ಈ ಬಳಗಗಳೇ ಒದಗಿಸಲಿ. ಮೂರನೆಯದು, ಸಾವಿನ ಸುದ್ದಿಗೆ ಕೈಗಳನ್ನು ಜೋಡಿಸಿದ ಮೇಲೆ ಆ ಮನೆಗೊಂದು ಕರೆ ಮಾಡೋಣ. ಸಾಧ್ಯವಿದ್ದವರು ಹೋಗಿ ಮಾತಾಡಿಸಿಕೊಂಡು ಬರೋಣ.

ಭಾಷೆಯು ಆಡುವ ಒಬ್ಬನಿಂದ ಬದುಕುವುದಿಲ್ಲ. ಉತ್ತರಿಸುವ ಇನ್ನೊಬ್ಬನಿಂದ ಬದುಕುತ್ತದೆ. ಗಡಿಯ ಈ ಕಡೆಯಲ್ಲಿ ಕನ್ನಡಕ್ಕೆ ಕನ್ನಡದಲ್ಲೇ ಉತ್ತರವು ಬರುವವರೆಗೆ ಇಲ್ಲಿ ಕನ್ನಡ ನಾಡು ಇದೆಯೆಂದೇ ಅರ್ಥ. ಜವಾಬಿ ಕಾರ್ಡಿನ ಖಾಲಿ ಅರ್ಧವು ನಮ್ಮ ಹಿರಿಯರ ಕೈಗೆ ಬಂದಾಗ ಅವರು ಅದನ್ನು ಹಾಗೆಯೇ ಹಿಂದಿರುಗಿಸಲಿಲ್ಲ. ಅಂತಹ ಖಾಲಿ ಅರ್ಧವು ಇಂದು ಪ್ರತಿಯೊಬ್ಬರ ಅಂಗೈಯಲ್ಲಿದೆ, ಅದರ ವೆಚ್ಚವನ್ನೂ ಮೊದಲೇ ತೆತ್ತಾಗಿದೆ. ಅದರಲ್ಲಿ ಎರಡು ಸಾಲು ಬರೆಯುವುದು ಕನ್ನಡಕ್ಕೆ ನಾವು ಸಲ್ಲಿಸಬಹುದಾದ ಅತ್ಯಂತ ಸುಲಭವಾದ ಸೇವೆ.